ಪ್ಲಗ್ಗಿನ ಬಣ್ಣ

ಕಮಲಾಕರ ಬೈಕಿನ ಇಂಜಿನ್ನಿನಿಂದ ಬಿಚ್ಚಿದ ಬಿಸಿ ಸ್ಪಾರ್ಕ್ ಪ್ಲಗ್ಗನ್ನು ಹಳೆ ಬನಿಯನ್ ಬಟ್ಟೆಯಲ್ಲಿ ಹಿಡಿದು ಸೂರ್ಯನಿಗೆ ಎತ್ತಿದ. ಸುತ್ತ ನಿಂತವರು ಮಾತು ನಿಲ್ಲಿಸಿದರು. ಮದರಾಸಿನ ಶೋಳಿಂಗನಲ್ಲೂರಿನ ಆಚೆಯ ಆ ಬಯಲಿನಲ್ಲಿ ಮಣ್ಣಿನ ದಿಬ್ಬ ಹಾಕಿ ರೇಸು ನಡೆಸಲು ಶುರುಮಾಡಿದ ಮೇಲೆ ಪ್ರತಿ ಸಲವೂ ಹೀಗೇ. ಕಮಲಾಕರ ಪ್ಲಗ್ ನೋಡುವಾಗ ಪಕ್ಕದ ಟೆಂಟಿನ ಮೆಕ್ಯಾನಿಕ್‌ಗಳೂ ಕತ್ತು ಚಾಚುತ್ತಿದ್ದರು.

"ಕಾಫಿ," ಎಂದ ಕಮಲಾಕರ.

ಅಜಯ್ ಹೆಲ್ಮೆಟ್ ತೆಗೆದು ಬಗ್ಗಿ ನೋಡಿದ. ಬೈಕು ಓಡಿಸುವವನು ಅವನು. "ಶ್ಯೂರಾ ಕಮಲ ಮಾಮಾ? ನಂಗೆ ವೆಳ್ಳೆಯಾ, ಬೆಳ್ಳಗೆ ಕಾಣ್ತದೆ."

"ವೆಳ್ಳೆಯೂ ಇಲ್ಲ, ಕರ್ಪೂರವೂ ಇಲ್ಲ. ಸೀಸ ತೆಗೆದ ಪೆಟ್ರೋಲ್ ಬಂದ ಮೇಲೆ ಎಲ್ಲ ಪ್ಲಗ್ಗೂ ಬಿಳಿಚಿಕೊಂಡೇ ಇರ್ತದೆ. ಅದರೊಳಗೆ ಬಣ್ಣ ಹುಡುಕ್ಲಿಕ್ಕೆ ಕಣ್ಣು ಬೇಕು."

ಹಿಂದಿನಿಂದ ಹರಿದಾಸ ಇಣುಕಿದ. "ಹುಡುಗ ಹೇಳುದು ಸರಿಯೋ ಏನೋ ಮಾರಾಯಾ. ನಂಗೂ ಇಡ್ಲಿ ಹಾಗೆ ಬೆಳ್ಳಗೆ ಕಾಣ್ತದೆ."

"ನೀನು ಬದನೆಕಾಯಲ್ಲಿ ಹುಳ ಹುಡುಕು. ಪ್ಲಗ್ ನಾನು ನೋಡ್ಕೊಳ್ತೇನೆ."

ಎಲ್ಲರೂ ನಕ್ಕರು. ಹರಿದಾಸನೂ ನಕ್ಕ.

ಇಬ್ಬರೂ ಒಂದೇ ರೈಲಿನಲ್ಲಿ ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದವರು. ಅಂಬತ್ತೂರಿನ ಕಾರ್ಖಾನೆಗಳ ಎದುರಿಗಿದ್ದ ಭೋಜರಾಜರ ಹೋಟೆಲಿನಲ್ಲಿ ಹರಿದಾಸ ತಟ್ಟೆ ತೊಳೆಯುವುದರಿಂದ ಹಿಡಿದು ಸ್ಟೋರಿನ ಬೀಗದ ಕೈಯವರೆಗೆ ಬಂದಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವನು ತಂದ ಬೇಳೆಯಲ್ಲಿ ಒಂದು ಕಲ್ಲೂ ಸಿಕ್ಕಿದ್ದಿಲ್ಲ. ಕಮಲಾಕರ ಅಲ್ಲೇ ಕಾಫಿ ಮಾಡುತ್ತಿದ್ದ. ಲೋಟ ಕೈಗೆತ್ತಿಕೊಳ್ಳುವ ಮುಂಚೆ, ಬಣ್ಣದಲ್ಲೇ ಡಿಕಾಕ್ಷನ್ನಿನ ಹದ ಹೇಳುತ್ತಿದ್ದ. ಹೋಟೆಲಿಗೆ ಬರುತ್ತಿದ್ದ ಫಿಟ್ಟರುಗಳ ಸಹವಾಸದಿಂದ ಇಂಜಿನ್ನಿನ ಹುಚ್ಚು ಹತ್ತಿ, ಹಿತ್ತಿಲಿನ ಶೆಡ್ಡಿನಲ್ಲಿ ಗ್ಯಾರೇಜು ಹಾಕಿದ. ಕಣ್ಣು ಮಾತ್ರ ಅದೇ. ಜೋರಾಗಿ ಓಡಿಸಿ ತಟ್ಟನೆ ನಿಲ್ಲಿಸಿದ ಇಂಜಿನ್ನಿನ ಪ್ಲಗ್ ಕಾಫಿ ಬಣ್ಣಕ್ಕಿದ್ದರೆ ಹದ ಸರಿ. ಕಪ್ಪಾದರೆ ಪೆಟ್ರೋಲು ಹೆಚ್ಚು. ಬಿಳಿಯಾದರೆ ಪೆಟ್ರೋಲು ಸಾಲದೆ ಒಳಗೆ ಕುದಿಯುತ್ತಿದೆ ಎಂದರ್ಥ. "ಗಾಳಿಯಿಂದ ಇಂಜಿನ್ ಅರ್ಧ ತಣ್ಣಗಾಗ್ತದೆ. ಇನ್ನರ್ಧ ಅದು ಕುಡಿಯುವ ಪೆಟ್ರೋಲಿಂದ," ಎಂದು ಅಜಯ್‌ಗೆ ಮೊದಲ ದಿನ ಹೇಳಿಕೊಟ್ಟವನು ಅವನೇ.

ಅಜಯ್ ಭೋಜರಾಜರ ಒಬ್ಬನೇ ಮಗ. ಆ ವಾರವಿಡೀ ಅವನು ವಿಮಾನದ ಪೆಟ್ರೋಲು ಹಾಕೋಣ ಎಂದು ಹಟ ಹಿಡಿದಿದ್ದ. ಕಮಲಾಕರ ಒಪ್ಪಿರಲಿಲ್ಲ. "ವಿಮಾನದ ಊಟ ವಿಮಾನಕ್ಕೆ. ನಮ್ಮದು ಮಣ್ಣಲ್ಲಿ ಹೊರಳುವ ಟೂ-ಸ್ಟ್ರೋಕು. ಬಂಕಿನದ್ದೇ ಸಾಕು, ಹರಿದಾಸ ತರ್ತಾನೆ." ಹರಿದಾಸ ಬೆಳಿಗ್ಗೆ ತಾನು ನಂಬಿದ ಬಂಕಿನಿಂದಲೇ ತಂದಿದ್ದ. ಫಿಲ್ಟರ್ ಕಾಗದದ ಮೇಲೆ ಒಂದು ಹನಿ ಬಿಟ್ಟು, ಕಲೆ ಉಳಿಯದೆ ಆರಿದ್ದನ್ನು ಎಲ್ಲರಿಗೂ ತೋರಿಸಿ, ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡಿದ್ದ. ಸೀಮೆಎಣ್ಣೆ ಬೆರೆಸಿದ್ದರೆ ಕಲೆ ಉಳಿಯುತ್ತಿತ್ತು.

ಕಮಲಾಕರ ಕಾರ್ಬ್ಯುರೇಟರ್ ಬಿಚ್ಚಿದ. ಒಳಗೆ ಪೆಟ್ರೋಲು ಹರಿಯುವ ಹಿತ್ತಾಳೆಯ ಜೆಟ್ ತೆಗೆದು, ಅದಕ್ಕಿಂತ ಒಂದು ಸುತ್ತು ಸಣ್ಣ ತೂತಿನದನ್ನು ಹಾಕಿದ. ಪೆಟ್ರೋಲು ಕೂದಲೆಳೆಯಷ್ಟು ಕಡಿಮೆ, ಓಟ ಅಷ್ಟು ಹೆಚ್ಚು. ಕಾಫಿ ಬಣ್ಣವಿದ್ದಾಗ ಅಷ್ಟು ಧೈರ್ಯ ಮಾಡಬಹುದು. ಸಿಲಿಂಡರಿನ ರೆಕ್ಕೆಗಳ ನಡುವೆ ಮೆತ್ತಿದ್ದ ಕೆಸರನ್ನು ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆದು ತೆಗೆದ. ಆ ವಿಷಯದಲ್ಲಿ ಅವನು ಯಾವತ್ತೂ ಸೋಮಾರಿಯಲ್ಲ.

ರೇಸು ಹನ್ನೆರಡಕ್ಕೆ ಬಿಟ್ಟರು. ಮೇ ತಿಂಗಳ ಬಿಸಿಲು. ಎಂಟು ಸುತ್ತು. ಮೂರನೆಯ ಸುತ್ತಿನಲ್ಲಿ ಅಜಯ್ ಆರನೆಯವನಾಗಿದ್ದವನು ಮೂರನೆಯವನಾದ. ಇಂಜಿನ್ನಿನ ದನಿ ಚೂಪಾಗಿತ್ತು, ಇಷ್ಟು ದಿನ ಕೇಳಿರದಷ್ಟು ಚೂಪು. ಕಮಲಾಕರ ಹಗ್ಗ ಹಿಡಿದು ನಿಂತು ಧೂಳಿನಲ್ಲಿ ಅವನ ನಂಬರ್ ಬೋರ್ಡು ಹುಡುಕುತ್ತಿದ್ದ. ಹೊಸಬರ ಬೈಕಿಗೆ ಹಳದಿ ಬೋರ್ಡು, ನುರಿತವರಿಗೆ ಬಿಳಿ.

"ಹೊಸಬರನ್ನೂ ಒಟ್ಟಿಗೇ ಬಿಟ್ಟಿದ್ದಾರನಾ?" ಎಂದು ಕೇಳಿದ. "ಎಲ್ಲ ಹಳದಿಯೇ ಕಾಣ್ತದೆ."

"ಎಂತ ಮಾರಾಯಾ?" ಹರಿದಾಸ ನಕ್ಕ. "ಎಲ್ಲ ಬಿಳಿಯೇ ಅಲ್ವನಾ? ಒಂದೂ ಹಳದಿ ಇಲ್ಲ."

ಕಮಲಾಕರ ಹರಿದಾಸನ ಅಂಗಿ ನೋಡಿದ. ಭಾನುವಾರ ಹರಿದಾಸ ಒಗೆದ ಬಿಳಿ ಅಂಗಿಯನ್ನೇ ಹಾಕುವುದು. ಇಪ್ಪತ್ತೆರಡು ವರ್ಷದಿಂದ ಗೊತ್ತು. ಅಂಗಿ ತಿಳಿ ಚಹಾದಲ್ಲಿ ಅದ್ದಿದ ಹಾಗಿತ್ತು. ಕಾಫಿ ಎಂದು ತಾನು ಹೇಳಿದ ಪ್ಲಗ್ಗೂ ಇದೇ ಬಣ್ಣಕ್ಕಿತ್ತು. ಹೆಂಡತಿ ಅಂಬುಜಾ ಎರಡು ವರ್ಷದಿಂದ, "ಕಣ್ಣು ತೋರಿಸಿ, ಕಣ್ಣು ತೋರಿಸಿ" ಎನ್ನುತ್ತಿದ್ದಳು. ಬಟ್ಟೆ ಸರಿಯಾಗಿ ಒಗೆಯುವುದಿಲ್ಲ ಎಂದು ಅವಳಿಗೇ ಬೈಯುತ್ತಿದ್ದ.

ಕಾಲ ಕೆಳಗೆ ಕರಿ ಹಲಗೆ ಬಿದ್ದಿತ್ತು. ಅದನ್ನು ಎತ್ತಿ ತೋರಿಸಿದರೆ ಅಜಯ್ ಗಾಡಿ ನಿಲ್ಲಿಸಬೇಕು, ಹಾಗೆಂದು ಮಾತಾಗಿತ್ತು. ನಾಲ್ಕನೆಯ ಸುತ್ತು ಮುಗಿಸಿ ಅಜಯ್ ಎದುರಿನಿಂದಲೇ ಹಾದುಹೋದ. ಎರಡನೆಯ ಸ್ಥಾನ. ಪಕ್ಕದ ಟೆಂಟಿನವನು, "ಅಣ್ಣೇ, ಎನ್ನ ಟ್ಯೂನಿಂಗ್!" ಎಂದು ತಮಿಳಿನಲ್ಲಿ ಹೊಗಳಿ ಕಮಲಾಕರನ ಬೆನ್ನು ತಟ್ಟಿದ. ಸಾಯುವ ಮುಂಚೆ ಇಂಜಿನ್ನು ಹೀಗೆಯೇ ಹಾಡುತ್ತದೆ ಎಂಬುದು ಕಮಲಾಕರನಿಗೆ ಗೊತ್ತಿತ್ತು. ಹಲಗೆ ಎತ್ತಲಿಲ್ಲ. ಐದನೆಯ ಸುತ್ತಿನಲ್ಲೂ ಎತ್ತಲಿಲ್ಲ.

ಆರನೆಯ ಸುತ್ತಿನಲ್ಲಿ, ದೊಡ್ಡ ದಿಬ್ಬ ಹತ್ತುವಾಗ, ದನಿ ಕತ್ತರಿಸಿದಂತೆ ನಿಂತಿತು. ಹಿಂದಿನ ಚಕ್ರ ಕಚ್ಚಿಕೊಂಡು ಅಜಯ್ ಗಾಡಿಯ ಮೇಲಿಂದ ಹಾರಿ ಬಿದ್ದ. ಹಿಂದೆ ಬರುತ್ತಿದ್ದವನು ಹೇಗೋ ತಪ್ಪಿಸಿಕೊಂಡ.

ಕತ್ತಿನ ಕೆಳಗಿನ ಎಲುಬು ಮುರಿದಿತ್ತು. ಬೇರೆ ಏನೂ ಆಗಿರಲಿಲ್ಲ.

ಭೋಜರಾಜರು ಆಸ್ಪತ್ರೆಯಿಂದ ಸಂಜೆ ನೇರ ಶೆಡ್ಡಿಗೆ ಬಂದರು. ಬೆಂಚಿನ ಮೇಲೆ ಬಿಚ್ಚಿಟ್ಟ ಪಿಸ್ಟನ್ ಇತ್ತು. ತಲೆ ಕರಗಿ ಬೆಲ್ಲದ ಅಚ್ಚು ಕುಸಿದ ಹಾಗೆ. ಅವರು ಅದನ್ನು ಮುಟ್ಟಲಿಲ್ಲ.

"ಪೆಟ್ರೋಲ್ ಯಾರು ತಂದದ್ದು?"

"ನಾನು ಧಣಿ," ಎಂದ ಹರಿದಾಸ.

"ಎಂತ ಕಲಬೆರಕೆ ತಂದಿ?"

ಹರಿದಾಸ ಜೇಬಿನಿಂದ ಫಿಲ್ಟರ್ ಕಾಗದ ತೆಗೆದು ಬಿಡಿಸಿದ. "ನೋಡಿ ಧಣಿ, ಕಲೆ ಇಲ್ಲ. ನಾನು ನೋಡಿಯೇ ತಂದದ್ದು."

"ಕಾಗದ ತೋರಿಸ್ತಿಯಾ? ನನ್ನ ಮಗ ಅಲ್ಲಿ ಮಲಗಿದ್ದಾನೆ." ಭೋಜರಾಜರು ಕಮಲಾಕರನ ಕಡೆ ತಿರುಗಿದರು. "ಕಮಲಾಕರಾ, ನೀನು ಹೇಳು. ಪೆಟ್ರೋಲೇ ಅಲ್ವಾ?"

ಹರಿದಾಸನೂ ಅವನನ್ನೇ ನೋಡುತ್ತಿದ್ದ. ಕಮಲಾಕರನ ಪ್ಯಾಂಟಿನ ಜೇಬಿನಲ್ಲಿ ಪ್ಲಗ್ಗಿತ್ತು, ತೊಡೆಗೆ ಒತ್ತುತ್ತಿತ್ತು. ಕಣ್ಣು ಹೋದ ಮೆಕ್ಯಾನಿಕ್ಕಿನ ಹತ್ತಿರ ಯಾರು ಗಾಡಿ ಬಿಡುತ್ತಾರೆ? ಮತ್ತೆ ಕಾಫಿ ಮಾಡಲು ಹೋಗಬೇಕೇ, ಐವತ್ತೆರಡರಲ್ಲಿ? ಅದಕ್ಕೂ ಕಣ್ಣು ಬೇಕು.

"ಈಗಿನ ಪೆಟ್ರೋಲನ್ನು ನಂಬ್ಲಿಕ್ಕೆ ಆಗುದಿಲ್ಲ ಧಣಿ," ಎಂದ.

ಅಷ್ಟೇ ಹೇಳಿದ್ದು. ಅದರಲ್ಲಿ ಸುಳ್ಳಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಮಾತು.

ಹರಿದಾಸ ಕಾಗದವನ್ನು ಮೊದಲಿನ ಗೆರೆಯ ಮೇಲೇ ಮಡಚಿ ಜೇಬಿಗಿಟ್ಟುಕೊಂಡ. ಮರುದಿನ ಬೆಳಿಗ್ಗೆ ಸ್ಟೋರಿನ ಬೀಗದ ಕೈಯನ್ನು ಗಲ್ಲಾದ ಮೇಲೆ ಇಟ್ಟು ಹೋದ. ಯಾರೂ ಕೇಳುವ ಮುಂಚೆಯೇ.

ಆಮೇಲೆ ಕಮಲಾಕರ ಪ್ಲಗ್ ನೋಡುವುದನ್ನು ಬಿಟ್ಟ. ಹೊಸ ಪೆಟ್ರೋಲಿನಲ್ಲಿ ಬಣ್ಣ ತಿಳಿಯುವುದಿಲ್ಲ ಎಂದು ಕೇಳಿದವರಿಗೆಲ್ಲ ಹೇಳಿದ. ಎಲ್ಲರೂ ನಂಬಿದರು. ಅಜಯ್ ಎಲುಬು ಕೂಡಿದ ಮೇಲೆ ರೇಸು ಬಿಟ್ಟು ಗಲ್ಲಾದಲ್ಲಿ ಕೂತ. ಏಳು ತಿಂಗಳ ನಂತರ ಅಂಬುಜಾ ಗಂಡನನ್ನು ಎಳೆದುಕೊಂಡೇ ಹೋಗಿ ಕಣ್ಣಿನ ಪೊರೆ ತೆಗೆಸಿದಳು. ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯ ಗೋಡೆ ನೀಲ ಹಾಕಿ ಒಗೆದ ಹಾಗೆ ಬೆಳ್ಳಗಿತ್ತು. ಮನೆಗೆ ಬಂದವನೇ ಮೊಳೆಗಳ ಡಬ್ಬಿಯಿಂದ ಆ ಪ್ಲಗ್ ತೆಗೆದ. ಅದರ ಪಿಂಗಾಣಿ ಸುಣ್ಣದ ಹರಳಿನಂತಿತ್ತು. ಮಗುವಿಗೂ ಗೊತ್ತಾಗುವಷ್ಟು ಬಿಳಿ.

ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹರಿದಾಸ ಹಳೆ ಸಾಮಾನು ಮಾರುತ್ತಾನೆಂದು ಯಾರೋ ಹೇಳಿದ್ದರು. ಹೋಗಿ ನೋಡಿದರೆ ಹೌದು. ನೆಲದ ಮೇಲೆ ಟಾರ್ಪಾಲು ಹಾಸಿ ಸ್ಪ್ಯಾನರು, ನಲ್ಲಿ, ಹಿತ್ತಾಳೆಯ ಲೋಟಗಳನ್ನು ಸಾಲಾಗಿ ಇಟ್ಟಿದ್ದ. ಅಂಗಿ ಬಿಳಿಯದೇ. ಕಾಲರಿನ ಅಂಚು ಸವೆದಿದ್ದು ಕೂಡ ಕಮಲಾಕರನಿಗೆ ಕಂಡಿತು.

"ಓ, ಬಾ ಮಾರಾಯಾ. ಕೂತ್ಕೋ," ಎಂದು ಹರಿದಾಸ ಸ್ಟೂಲು ಸರಿಸಿದ. "ಅಂಬುಜಕ್ಕ ಚಂದ ಇದ್ದಾರಾ?"

ಕಮಲಾಕರ ಕೂರಲಿಲ್ಲ. ಜೇಬಿನಿಂದ ಪ್ಲಗ್ ತೆಗೆದು ಅವನ ಕೈಗಿಟ್ಟ.

ಹರಿದಾಸ ಅದನ್ನು ಬಿಸಿಲಿಗೆ ಎತ್ತಿ ನೋಡಿದ.

"ಕಣ್ಣು ಯಾವಾಗ ಮಾಡಿಸಿದ್ದು?"

"ಹೋದ ತಿಂಗಳು."

"ಒಳ್ಳೇದಾಯ್ತು." ಪ್ಲಗ್ಗನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದ, "ಬೋರ್ಡು ಹಳದಿ ಅಂದೆಯಲ್ಲ, ಶೆಡ್ಡಲ್ಲಿ ನಿಂತಾಗ ಅದು ನೆನಪಾಯ್ತು. ಆಗಲೇ ಗೊತ್ತಾಯ್ತು ನಂಗೆ."

"ಮತ್ತೆ ಧಣಿಯ ಹತ್ರ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತಿ ಅಂತ ಕಾದೆ."

ಮೇಲೊಂದು ವಿಮಾನ ತಗ್ಗಿನಲ್ಲಿ ಇಳಿಯುತ್ತ ಹೋಯಿತು.

"ಇವತ್ತೇ ಹೋಗಿ ಹೇಳ್ತೇನೆ," ಎಂದ ಕಮಲಾಕರ.

"ಸ್ಟೋರಿನ ಬೀಗದ ಕೈ ಈಗ ಯಾರ ಹತ್ರ ಉಂಟು?"

"ಐತಪ್ಪ ಅಂತ ಒಬ್ಬ ಬಂದಿದ್ದಾನೆ. ಮೂರು ಮಕ್ಕಳು ಅವನಿಗೆ."

"ಹ್ಞೂಂ. ನಾನು ವಾಪಸ್ ಬಂದ್ರೆ ಅವನು ಎಲ್ಲಿಗೆ ಹೋಗುದು?" ಎಂದ ಹರಿದಾಸ. ಪ್ಲಗ್ಗನ್ನು ಟಾರ್ಪಾಲಿನ ಮೇಲೆ, ಸ್ಪ್ಯಾನರುಗಳ ಸಾಲಿನ ಕೊನೆಗೆ ಇಟ್ಟು, ಲೋಟವೊಂದನ್ನು ಒರೆಸತೊಡಗಿದ. ಕಮಲಾಕರ ಕೊನೆಗೂ ಸ್ಟೂಲಿನ ಮೇಲೆ ಕೂತ.

ಕೈಚೀಲ ಹಿಡಿದ ಒಬ್ಬ ಬಂದು ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡಿದ. ಪ್ಲಗ್ಗನ್ನು ತೆಗೆದುಕೊಂಡು ಉಗುರಿನಿಂದ ಕೆರೆದು, "ಇದು ಎವ್ವಳವು ಅಣ್ಣೇ?" ಎಂದು ರೇಟು ಕೇಳಿದ.

ಹರಿದಾಸ ಕಮಲಾಕರನ ಕಡೆ ನೋಡಿದ. ಕಮಲಾಕರ ಟಾರ್ಪಾಲಿನ ಮೇಲೆ ಪ್ಲಗ್ ಇದ್ದ ಖಾಲಿ ಜಾಗವನ್ನು ನೋಡುತ್ತಿದ್ದ. ಗಿರಾಕಿ ಒಂದು ಗಳಿಗೆ ಕಾದು, ಪ್ಲಗ್ಗನ್ನು ಎಲ್ಲಿತ್ತೋ ಅಲ್ಲಿಗೇ ಇಟ್ಟು, ಮುಂದಿನ ಅಂಗಡಿಗೆ ಹೋದ.