ಮಡಿವಂತೆಯ ಮೂಲಾರ್ಥ

ನಿಘಂಟು ಕಚೇರಿಯಲ್ಲಿ ಎಲ್ಲರಿಗೂ ಅವಳು ಅಕ್ಕ. ಇಂಗ್ಲಿಷ್ ಪದಗಳಿಗೆ ಕನ್ನಡ ಅರ್ಥ ಬರೆಯುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದಳು. ಕತ್ತಿನವರೆಗೂ ಗುಂಡಿ ಹಾಕಿದ ಅಂಗಿ, ಅಳೆದು ತೂಗಿ ಆಡುವ ಮಾತು. ಯಾರಾದರೂ ಪೋಲಿ ಜೋಕು ಶುರು ಮಾಡಿದರೆ ಸದ್ದಿಲ್ಲದೆ ಎದ್ದು ಹೋಗುತ್ತಿದ್ದಳು.

ನಾಲ್ಕು ತಿಂಗಳ ಹಿಂದೆ ಒಬ್ಬ ಹುಡುಗಿ ಕೆಲಸಕ್ಕೆ ಸೇರಿದಳು. ಬಾಯಿ ತುಂಬ ನಗು. ಅಕ್ಕನ ಮೇಜಿನ ಹತ್ತಿರ ಒಂದು ದಿನವೂ ನಿಲ್ಲದ ಸಂಪಾದಕರು ಈಗ ಚಹಾದ ಲೋಟ ಹಿಡಿದು ಆ ಹುಡುಗಿಯ ಮೇಜಿಗೆ ಒರಗಿರುತ್ತಿದ್ದರು. ಹೊಸ ಆವೃತ್ತಿಗೆ 'ಪಿ' ಅಕ್ಷರವನ್ನೂ ಅವಳಿಗೇ ಕೊಟ್ಟರು. ಅಕ್ಕನ ಕಣ್ಣಿಗೆ ವಿಶ್ರಾಂತಿ ಬೇಕಂತೆ. 'ಪಿ' ಮೊದಲಿನಿಂದಲೂ ಅಕ್ಕನದು.

ಒಂದು ಮಧ್ಯಾಹ್ನ ಅಕ್ಕ ಕೈತೊಳೆಯಲು ಹೋದಾಗ, ಹುಡುಗಿ ಟೈಪಿಸ್ಟ್ ಹತ್ತಿರ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ನಮ್ಮಕ್ಕ ಒಂಥರಾ ಪ್ರೂಡ್ ಅಲ್ವಾ?"

ಟೈಪಿಸ್ಟ್ ನಕ್ಕಳು. ಅಕ್ಕ ಒದ್ದೆ ಕೈಯಲ್ಲೇ ಹಿಂದಿರುಗಿ, ಹುಡುಗಿಯ ಕಡತ ತೆರೆದು ಆ ಪದ ಹುಡುಕಿದಳು. 'ಶೀಲದ ವಿಷಯದಲ್ಲಿ ಅತಿ ಬಿಗಿಯಾದವಳು, ಮಡಿವಂತೆ' ಎಂದು ಹುಡುಗಿ ಬರೆದಿದ್ದಳು. ಅದರ ಹಿಂದೆ ಪಿನ್ನು ಚುಚ್ಚಿದ ಹಳೆಯ ಚೀಟಿ, ಪದದ ಮೂಲದ್ದು. ಅಕ್ಷರ ಅಕ್ಕನದೇ, ಕೆಲಸಕ್ಕೆ ಸೇರಿದ ವರ್ಷದ್ದು. ಹಳೆಯ ಫ್ರೆಂಚಿನಲ್ಲಿ ಗುಣವಂತೆಯಾದ, ಯೋಗ್ಯ ಹೆಂಗಸನ್ನು ಹೊಗಳಲು ಹುಟ್ಟಿದ ಮಾತದು. ಬರಬರುತ್ತ ಒಳ್ಳೆಯತನ ಮೆರೆಸುವವರನ್ನು ಆಡಿಕೊಳ್ಳಲು ಬಳಸಿದರು. ಹೊಗಳಿಕೆ ಸವೆದು ಅಣಕವಷ್ಟೇ ಉಳಿಯಿತು.

ಓದುತ್ತ ಕಣ್ಣು ಮಂಜಾಯಿತು. ಆದರೂ ಚೀಟಿ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು.

ಶನಿವಾರದ ಸಭೆಯಲ್ಲಿ ಸಂಪಾದಕರು ಆ ಪದದ ಮೂಲ ಕೇಳಿದರು. ಹುಡುಗಿ ಕಡತ ತಡಕಾಡಿ, ಇಲ್ಲೇ ಇತ್ತೆಂದಳು. ಇದ್ದ ಚೀಟಿಗೆ ರೆಕ್ಕೆ ಬಂತೇ ಎಂದು ಅವರು ಗದರಿದರು. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಗಂಟಲು ಸರಿಮಾಡಿಕೊಂಡು ಇಡೀ ಮೂಲವನ್ನು ಬಾಯಿಪಾಠ ಒಪ್ಪಿಸಿದಳು. ಅನುಭವ ಅಂದರೆ ಇದು ಎಂದು ಸಂಪಾದಕರು ತಲೆದೂಗಿದರು.

ಮೆಟ್ಟಿಲಿಳಿಯುವಾಗ ಹುಡುಗಿ ಜೊತೆಯಾದಳು.

"ಚೀಟಿ ಯಾರು ತಗೊಂಡ್ರು ಅಂತ ನಂಗೊತ್ತು ಅಕ್ಕಾ. ಸರ್‌ಗೆ ಹೇಳಲ್ಲ." ಎರಡು ಮೆಟ್ಟಿಲಿಳಿದು ಮತ್ತೆ ಅಂದಳು, "ಅವತ್ತು ನಾನಂದಿದ್ದು ಹಳೇ ಅರ್ಥದಲ್ಲಿ. ನೀವು ಬರೆದಿದ್ದನ್ನ ಆಗಷ್ಟೇ ಓದಿದ್ದೆ."

ನಿಜವೋ, ಬೆಣ್ಣೆಯೋ? ಭಾನುವಾರವಿಡೀ ಅಕ್ಕನಿಗೆ ಊಟ ರುಚಿಸಲಿಲ್ಲ.

ಸೋಮವಾರ ಬೆಳಗ್ಗೆ ಅವಳೇ ಸಂಪಾದಕರ ಮುಂದೆ ಚೀಟಿ ಇಟ್ಟು, ಕದ್ದದ್ದು ತಾನೆಂದು ಒಪ್ಪಿಕೊಂಡಳು. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಹೊಟ್ಟೆಕಿಚ್ಚಾ?"

"ಹೌದು ಸರ್."

ಅವರು ಬೈಯಲಿಲ್ಲ. 'ಪಿ'ಯನ್ನು ಇನ್ನು ಮುಂದೆ ಇಬ್ಬರೂ ಸೇರಿ ಮಾಡಿ ಎಂದರು.

ಮೇಜುಗಳನ್ನು ಜೋಡಿಸಿದರು. ಹುಡುಗಿ ಕೆಲಸದಲ್ಲಿ ಚುರುಕು, ಅಕ್ಕ ತಪ್ಪು ತೋರಿಸಿದರೆ ನಗುತ್ತಲೇ ತಿದ್ದಿಕೊಳ್ಳುತ್ತಾಳೆ. ಮೊದಲು ಅಕ್ಕನಿಗೆ ಅವಳ ನಗುವೊಂದನ್ನು ಕಂಡರೆ ಆಗುತ್ತಿರಲಿಲ್ಲ. ಈಗ ಅವಳ ದೊಡ್ಡ ಮನಸ್ಸನ್ನು ಕಂಡರೂ ಆಗುವುದಿಲ್ಲ.