ದುರ್ಬೀನಿನ ಹಣೆಗೊಂದು ಬೊಟ್ಟು

ಮಾದಿಹಳ್ಳಿಯ ಮಾದಮ್ಮನ ಮನೆಗೆ ಸೊಸೆಯಾಗಿ ಬಂದ ಹೇಮಾಶ್ರೀ ಜೊತೆಗೆ ತಂದದ್ದು ಒಂದು ಬೀರು, ಎರಡು ಸೂಟ್‌ಕೇಸು, ಒಂದು ದುರ್ಬೀನು. ಬೀರು ಕೋಣೆ ಸೇರಿತು. ದುರ್ಬೀನು ಹಿತ್ತಲಿನಲ್ಲಿ, ಕೊಟ್ಟಿಗೆಗೂ ಒಗೆಯುವ ಕಲ್ಲಿಗೂ ನಡುವೆ ಮೂರು ಕಾಲೂರಿ ನಿಂತಿತು. ಹುಡುಗಿ ಜಾವಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ ಎಂದು ಮಾದಮ್ಮನಿಗೆ ಗೊತ್ತಿತ್ತು. ರಾತ್ರಿ ಆಕಾಶದ ಬೆನ್ನು ಬೀಳುತ್ತಾಳೆ ಎಂದು ಮಾತ್ರ ಹೆಣ್ಣು ನೋಡಲು ಹೋದ ದಿನ ಯಾರೂ ಬಾಯಿ ಬಿಟ್ಟಿರಲಿಲ್ಲ.

"ಕಾಣೋದನ್ನೆಲ್ಲ ಬಿಟ್ಟು ಕಾಣ್ದೇ ಇರೋದ್ರ ಫೋಟೋ ತೆಗೀತಾಳೆ ಕಣೇ," ಎಂದು ಮಾದಮ್ಮ ಪಕ್ಕದ ಮನೆಯ ಚಲುವಮ್ಮನ ಹತ್ತಿರ ಹೇಳಿಕೊಂಡಿದ್ದಳು.

ಅದೇನೂ ಸುಳ್ಳಲ್ಲ. ಈ ಸಲ ಹೇಮಾಶ್ರೀ ಹಿಂದೆ ಬಿದ್ದದ್ದು ಗುಲಾಬಿಯಂತೆ ಅರಳಿದ ಒಂದು ನೀಹಾರಿಕೆ. ಬರಿಗಣ್ಣಿಗೆ ಅಲ್ಲಿ ಕತ್ತಲೆ ಬಿಟ್ಟರೆ ಏನೂ ಇಲ್ಲ. ಗಂಟೆಗಟ್ಟಲೆ ಫೋಟೋ ತೆಗೆದು, ಒಂದೊಂದು ರಾತ್ರಿಯ ಬೆಳಕನ್ನೂ ಒಂದರ ಮೇಲೊಂದು ಪೇರಿಸಿದರೆ ಹೂವು ಮೆಲ್ಲಗೆ ಮೇಲೇಳುತ್ತದೆ. ಮೂರು ರಾತ್ರಿಯ ಬೆಳಕು ಕೂಡಿತ್ತು, ಇನ್ನೊಂದು ಬೇಕಿತ್ತು. ಉಳಿದಿದ್ದೂ ಒಂದೇ, ಕಾರ್ತಿಕದ ಅಮಾವಾಸ್ಯೆ. ಮರುದಿನ ಹಿತ್ತಲಿಗೆ ಸೀಮಂತದ ಶಾಮಿಯಾನ ಬರುವುದಿತ್ತು. ಸೀಮಂತ ಮುಗಿದರೆ ಏಳು ತಿಂಗಳ ಬಸುರಿ ಅರಸೀಕೆರೆಯ ತವರಿಗೆ ಹೊರಡುವವಳು. ಬಾಣಂತನ ಮುಗಿಸಿ ಬರುವಷ್ಟರಲ್ಲಿ ಆ ಹೂವು ಸೂರ್ಯನ ಜೊತೆಗೇ ಮುಳುಗುತ್ತಿರುತ್ತದೆ.

"ಬಸುರಿ ಹೆಂಗ್ಸು ಅಮಾಸೆ ರಾತ್ರಿ ಹೊಸ್ಲು ದಾಟಂಗಿಲ್ಲ," ಎಂದಳು ಮಾದಮ್ಮ, ಕಡ್ಡಿ ಮುರಿದಂತೆ.

"ಮುಂದಿನ ವರ್ಷ ತೆಗೆದ್ರಾಯ್ತು ಬಿಡು," ಎಂದ ಗಂಡ ದೀಪಕ್.

"ಮುಂದಿನ ವರ್ಷ ಪಾಪು ಹೊಟ್ಟೇಲಿರುತ್ತಾ?" ಎಂದು ಹೇಮಾಶ್ರೀ ಕೇಳಿದಳು. "ನೀನು ಹೊಟ್ಟೇಲಿದ್ದಾಗ ಹಿಡಿದ ಬೆಳಕು ಇದು ಅಂತ ಅದಕ್ಕೆ ತೋರಿಸ್ಬೇಕು ನಾನು."

ತಾಯಿ ಹೆಂಡತಿಯರ ನಡುವೆ ಬಾಯಿ ಹಾಕದ ಜಾಣ ದೀಪಕ್. ತ್ರೀಫೇಸ್ ಕರೆಂಟು ರಾತ್ರಿಯೇ ಬರುವುದು, ಮೋಟರ್ ಹಾಕಬೇಕು ಎಂದು ಟಾರ್ಚು ಹಿಡಿದು ಗದ್ದೆಯ ಕಡೆ ಜಾರಿಕೊಂಡ.

ಹೇಮಾಶ್ರೀ ವಾದ ಮಾಡಿದ್ದರೆ ಮಾದಮ್ಮ ಸೋಲುತ್ತಿರಲಿಲ್ಲ. ಆದರೆ ಅವಳು ಹಿತ್ತಲ ಬಾಗಿಲಿನ ಒಳಗೆ ಕುರ್ಚಿ ಹಾಕಿಕೊಂಡು, ತುಟಿ ಕಚ್ಚಿ, ಮೇಲೆ ನೋಡುತ್ತ ಕೂತಳು. ಅದನ್ನು ಕಂಡ ಮಾದಮ್ಮ ಕೈಯ ಕೆಲಸ ಬಿಟ್ಟಳು. ಬಂದು ಹೊಸ್ತಿಲ ಪಕ್ಕ ಕುಕ್ಕರಿಸಿದಳು.

"ನಿನ್ ಮೇಲಿನ್ ಸಿಟ್ಟಿಗಲ್ಲ ಕಣವ್ವ. ಮೊದಲ್ನೇ ಬಸುರೀಲಿ ನಾನು ಹೋಗಿದ್ದೆ. ಅಮಾಸೆ ರಾತ್ರಿ ಎಮ್ಮೆ ಹಗ್ಗ ಕಿತ್ಕಂಡಿತ್ತು, ಕಟ್ಟಾಕಕ್ಕೆ ಅಂತ ಹೋದೆ. ಹದಿನೈದು ದಿನಕ್ಕೆ ಹೊಟ್ಟೇಲಿದ್ದ ಮಗ ಹೋಯ್ತು, ಹೆಣ್ಮಗ. ನಾನೇ ನನ್ ಕೈಯಾರ ಕಳ್ಕಂಡೆ. ದೀಪಕಂಗೂ ಗೊತ್ತಿಲ್ಲ ಇದು."

ವಿಜ್ಞಾನದ ಮೇಡಂ ಬಳಿ ಇದಕ್ಕೆ ಉತ್ತರಗಳಿದ್ದವು. ಆದರೆ ಅತ್ತೆಯ ಕೈ ಹಿಡಿದುಕೊಂಡು, "ಆಯ್ತು ಅತ್ತೆ. ನಾನು ದಾಟಲ್ಲ," ಎಂದಳು.

ಮಾದಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಎದ್ದಳು. "ಅದೇನ್ ಮಾಡ್ಬೇಕು ಅಂತ ಹೇಳು. ನಾನ್ ಮಾಡ್ತೀನಿ."

ಅವತ್ತು ಆ ಹಿತ್ತಲಿನಲ್ಲಿ ನಡೆದದ್ದನ್ನು ನೋಡಬೇಕಿತ್ತು. ಮೊದಲು ಮಾದಮ್ಮ ಚಲುವಮ್ಮನ ಕೊಟ್ಟಿಗೆಯ ಬಲ್ಬು ಆರಿಸಿ ಬಂದಳು, ಕಾರಣ ಕೇಳಿದ್ದಕ್ಕೆ "ಬಸುರಿ ಬಯಕೆ" ಎಂದು ಬಾಯಿ ಮುಚ್ಚಿಸಿ. ಸೊಸೆ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಒಳಗೆ, ಅತ್ತೆ ಹೊರಗೆ, ಹೊಸ್ತಿಲ ಮೇಲೆ ಉದ್ದನೆಯ ವೈರು.

"ಎರಡು ತೆಂಗಿನ ಮರದ ಸಂದೀಲಿ ಒಂದು ಚುಕ್ಕಿ ಕಾಣುತ್ತಾ ಅತ್ತೆ? ಅದೇ ಧ್ರುವ. ಅದಕ್ಕೆ ಸರಿ ಮಾಡಿ. ಕೆಳಗಿನ ತಿರುಪು ಎಡಕ್ಕೆ. ಇನ್ನೂ ಒಂಚೂರು."

"ಇಷ್ಟಾ?"

"ಸಾಕು, ಸಾಕು!"

ಇಬ್ಬನಿ ಕೂರದಂತೆ ಆಗಾಗ ಕೂದಲು ಒಣಗಿಸುವ ಮಿಷನ್ನಿನಿಂದ ಗಾಜಿಗೆ ಬಿಸಿಗಾಳಿ ಬಿಡಬೇಕಿತ್ತು. ಎರೆದ ಕೂಸಿಗೆ ಕಾವು ಕೊಡುವ ಹಾಗೆ ಮಾದಮ್ಮ ಆ ಕೆಲಸ ಮಾಡಿದಳು.

ಹೇಳದೆ ಮಾಡಿದ್ದು ಒಂದೇ ಕೆಲಸ. ಅಮಾವಾಸ್ಯೆಯ ದಿನ ಬೈಕು, ಟಿಲ್ಲರು, ಪಂಪ್‌ಸೆಟ್ಟು ಯಾವುದನ್ನೂ ಅವಳು ಕುಂಕುಮವಿಡದೆ ಬಿಟ್ಟವಳಲ್ಲ. ಇದೂ ಮಿಷನ್ನೇ ತಾನೆ? ಮುಚ್ಚಳ ತೆಗೆದಾಗ ಎದುರಿಗೆ ದುಂಡಗೆ ಕಂಡ ಗಾಜೇ ಅದರ ಹಣೆ ಎಂದುಕೊಂಡು, ಕುಂಕುಮವನ್ನು ನೀರಲ್ಲಿ ಕಲಸಿ ಉಂಗುರದ ಬೆರಳಿನಿಂದ ನಟ್ಟನಡುವೆ ಬೊಟ್ಟಿಟ್ಟಳು. ಮನಸ್ಸಿನಲ್ಲೇ, ಹೊಟ್ಟೆಯಲ್ಲಿರುವ ಮಗು ಚೆನ್ನಾಗಿರಲಿ ಎಂದಳು.

ಬೆಳಗ್ಗೆ ಹಾಲು ಕರೆದು ಬರುವಾಗ ಸೊಸೆ ಕೂಗಿದಳು. "ಅತ್ತೆ, ಬನ್ನಿ, ಹೂವು ಬಂತು!"

ಮಾದಮ್ಮ ಬಂದು ನೋಡಿದಳು. ಕಪ್ಪು ಪರದೆಯ ನಟ್ಟನಡುವೆ ಕೆಂಪು, ಸುತ್ತಲೂ ಹರಡಿಕೊಂಡ ಕೆಂಪು. ಹಾಲಿನ ತಂಬಿಗೆಯನ್ನು ಅಲ್ಲೇ ಕೆಳಗಿಟ್ಟಳು.

"ಅಯ್ಯೋ, ನನ್ ಕುಂಕುಮ! ಬಿಸಿಗಾಳಿಗೆ ಹರಡ್ಕಂಡೈತೆ. ನಾನೇ ಇಟ್ಟೆ ಕಣವ್ವ, ಗಾಜಿನ್ ಮೇಲೆ. ಈ ಕೈಯೇ ಹಿಂಗೆ. ಮುಟ್ಟಿದ್ದೆಲ್ಲ ಕೆಡಿಸ್ತದೆ."

ಹೇಮಾಶ್ರೀ ಹಿತ್ತಲಿಗೆ ಹೋಗಿ ನೋಡಿದಳು. ಗಾಜಿನ ಮೇಲೆ ಬಟಾಣಿಯಷ್ಟು ದಪ್ಪ ಬೊಟ್ಟು, ಇಟ್ಟ ಹಾಗೇ ಇತ್ತು. ಅವಳಿಗೆ ನಗು ಬಂತು. ಒಳಗೆ ಬಂದು ಅತ್ತೆಯ ಮುಖ ಕಂಡಾಗ ಆ ನಗು ನಿಂತಿತು.

ಅವಳು ಮಾದಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಂದು ಫೋಟೋ ತೆರೆದಳು. ಮಸುಕಾಗಿದ್ದರೂ ಅದೇ ಹೂವು, ಅದೇ ಕೆಂಪು.

"ಇದು ಮೊದಲನೇ ರಾತ್ರೀದು ಅತ್ತೆ. ಅವತ್ತು ನೀವು ಅದನ್ನ ಮುಟ್ಟೇ ಇರ್ಲಿಲ್ಲ. ಆಗ್ಲೂ ಕೆಂಪಗೇ ಇತ್ತು ನೋಡಿ. ಗಾಜಿನ ಮೇಲಿನ ಬೊಟ್ಟು ಅದಕ್ಕೆ ತೀರಾ ಹತ್ತಿರ, ಫೋಟೋದಲ್ಲಿ ಬೀಳೋದೇ ಇಲ್ಲ." ಅತ್ತೆಯ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. "ನೀವು ಏನೂ ಕೆಡಿಸ್ಲಿಲ್ಲ. ಇದನ್ನೂ ಇಲ್ಲ, ಎಮ್ಮೆ ಕಟ್ಟೋಕೆ ಹೋದ ಆ ರಾತ್ರೀದನ್ನೂ ಇಲ್ಲ."

ಮಾದಮ್ಮ ಪರದೆಯನ್ನು ನೋಡಲಿಲ್ಲ. ಸೊಸೆಯ ಬಾಯನ್ನೇ ನೋಡುತ್ತಿದ್ದಳು. ಶಾಮಿಯಾನದವರು ಬಂದು, ಕಂಬ ಎಲ್ಲಿ ನೆಡೋಣ ಎಂದು ಹಿತ್ತಲಿನಿಂದ ಕೂಗುತ್ತಿದ್ದರು.

"ಇನ್ನೊಂದ್ ಸತಿ ಹೇಳವ್ವ," ಎಂದಳು ಮಾದಮ್ಮ.

ಹೇಮಾಶ್ರೀ ಇನ್ನೊಂದು ಸಲ ಹೇಳಿದಳು.