ಇಕ್ಕಳ ಕೇಳದ ಮಾತು

ಈಗ ಹೇಳಬಹುದು, ಹಂಪಕ್ಕನೇ ಅಪ್ಪಣೆ ಕೊಟ್ಟಿದ್ದಾಳೆ. ಇಷ್ಟು ದಿನ ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಹೇಗೆ ಬದುಕಿದೆ ಎನ್ನುವುದೇ ನಮ್ಮ ಓಣಿಯವರಿಗೆ ಆಶ್ಚರ್ಯ. ರೇಣುಕಮ್ಮನ ಕಿವಿಗೆ ಬಿದ್ದ ಮಾತು ಕಂಪ್ಲಿ ಸಂತೆಗೆ ಬಿದ್ದ ಹಾಗೆ ಎಂದು ನನ್ನ ಗಂಡನೇ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಆವತ್ತು ಕುರಿ ರೊಪ್ಪದಲ್ಲಿ ನನ್ನ ಬಾಯಿ ಹೇಗೆ ನಡೆದುಕೊಂಡಿತು ಎಂಬುದನ್ನು ಅವನು ನೋಡಿಲ್ಲ.

ಹಂಪಕ್ಕ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಭಾವ ತೀರಿಕೊಂಡ ಮೇಲೆ ಕುರಿ ಹಿಂಡು ಪೂರ್ತಿ ಅವಳ ಕೈಗೆ ಬಂತು. ನಮ್ಮೂರು ಕಂಪ್ಲಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಕಾಲುವೆಯ ಪಕ್ಕದಲ್ಲಿದೆ. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಸುತ್ತಲಿನ ರೈತರು ಮೊದಲು ಅವಳನ್ನೇ ಕರೆಯುತ್ತಾರೆ. ಮಾತು ಕಮ್ಮಿ, ನಡಿಗೆ ಜೋರು. ನಾನು ಅದರ ತಿರುಗಾಮುರುಗಾ. ಅದಕ್ಕೇ ಇರಬೇಕು, ಇಬ್ಬರಿಗೂ ಇಷ್ಟು ವರ್ಷ ಜಗಳವಾಗಿಲ್ಲ. ಅವಳಿಗೆ ಒಬ್ಬನೇ ಮಗ ಲಿಂಗರಾಜ. ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸ ಅವನದು.

ಒಂದು ದಿನ ಪಾಳಿ ಮುಗಿಸಿ ಬರುವಾಗ ನಾಯಿ ಅಡ್ಡ ಬಂದು ಅವನ ಬೈಕು ಉರುಳಿತು. ತೊಡೆಯ ಮೂಳೆ ಮುರಿಯಿತು, ತಲೆಗೂ ಪೆಟ್ಟಾಯಿತು. ಕಣ್ಣು ಬಿಡುತ್ತಾನೋ ಇಲ್ಲವೋ ಎಂದು ಡಾಕ್ಟರರೂ ಖಚಿತವಾಗಿ ಹೇಳಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಹಂಪಕ್ಕನ ಜೊತೆ ಕೂತಿದ್ದವಳು ನಾನು. ಒಂದು ಬೆಳಗ್ಗೆ ಅವಳು ಎದ್ದು ನಿಂತು, ಊರಿನ ದಿಕ್ಕಿಗೆ ಮುಖ ಮಾಡಿ, ಸೆರಗಿನ ತುದಿಗೆ ಗಂಟು ಹಾಕಿ, ತುಟಿಯಲ್ಲೇ ಏನೋ ಅಂದುಕೊಂಡಳು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ನಮ್ಮ ಮನೆತನದ ಪದ್ಧತಿಯೇ ಹಾಗೆ. ಬೀರಪ್ಪನ ಹೆಸರಿಗೆ ಟಗರು ಬಿಡುತ್ತೇನೆಂದು ಹರಕೆ ಹೊತ್ತರೆ, ಮರಿ ಬೆಳೆದು, ಕೊಂಬು ಸುತ್ತು ಹೊಡೆದು, ಗುಡಿಯ ಮುಂದೆ ನಿಲ್ಲುವವರೆಗೆ ಯಾರಿಗೂ ಹೇಳುವಂತಿಲ್ಲ. ಬಾಯಿಬಿಟ್ಟರೆ ಹರಕೆ ಕೆಟ್ಟಿತು, ಯಾರ ಸಲುವಾಗಿ ಹೊತ್ತಿದ್ದೋ ಅವರಿಗೇ ಕೇಡು. ಆ ಮರಿಯ ಕಿವಿಗೆ ಕಚ್ಚು ಹಾಕಬಾರದು, ಬೀಜ ಒಡೆಸಬಾರದು, ಮಾರಬಾರದು. ಹುಟ್ಟಿದ ಹಾಗೇ ಇಡಿಯಾಗಿ ದೇವರ ಮುಂದೆ ಹೋಗಬೇಕು, ಹೋಗಿ ಬಂದು ಹಿಂಡಿನ ಮುಂದೆ ನಡೆಯಬೇಕು. ಇದನ್ನೆಲ್ಲ ನಂಬುತ್ತೀಯಾ ಎಂದು ನನ್ನನ್ನು ಕೇಳಬೇಡಿ. ಆಸ್ಪತ್ರೆಯ ವರಾಂಡದಲ್ಲಿ ಕೂತವರು ಎಲ್ಲವನ್ನೂ ನಂಬುತ್ತಾರೆ.

ಅದೇ ವಾರ ಲಿಂಗರಾಜ ಕಣ್ಣು ಬಿಟ್ಟ. ಅದೇ ವಾರ ಹಿಂಡಿನಲ್ಲಿ ಕರಿ ಮುಖದ ಗಂಡು ಮರಿಯೊಂದು ಹುಟ್ಟಿತು. ಊರಿಗೆ ಬಂದ ದಿನ ಹಂಪಕ್ಕ ಕಾಲು ತೊಳೆದುಕೊಂಡು ಸೀದಾ ರೊಪ್ಪಕ್ಕೆ ಹೋಗಿ ಆ ಮರಿಯನ್ನು ಎತ್ತಿಕೊಂಡಳು. ಎತ್ತಿಕೊಂಡ ರೀತಿಯಲ್ಲೇ ನನಗೆ ಎಲ್ಲ ಗೊತ್ತಾಯಿತು. ಗೊತ್ತಾದದ್ದನ್ನು ಹೇಳದೆ ಇರುವುದು ನನಗೆ ಎಂಥ ಶಿಕ್ಷೆ ಎಂದು ನಿಮಗೆ ತಿಳಿಯದು.

ಮೊದಲೆಲ್ಲ ನಮ್ಮ ಊರುಗಳಲ್ಲಿ ಟಗರು ಮರಿಗಳ ಬೀಜ ಒಡೆಯಲು ಪಕ್ಕೀರಪ್ಪ ಎಂಬ ಮುದುಕ ಬರುತ್ತಿದ್ದ. ಅವನದೊಂದು ರೂಢಿ. ಪ್ರತಿ ಮರಿಗೂ ಕೈ ಹಚ್ಚುವ ಮೊದಲು, ಕಿವುಡನಿಗೂ ಕೇಳಿಸುವ ಹಾಗೆ, “ಮನೀದೋ, ದೇವರದೋ?” ಎಂದು ಕೇಳುತ್ತಿದ್ದ. ಮನೆಯದಾದರೆ ಮನೀದು ಎನ್ನುತ್ತಿದ್ದರು. ದೇವರದು ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ, ಸುಮ್ಮನಿರುತ್ತಿದ್ದರು. ಅವನು ಆ ಮರಿಯನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದ. ಹಿಂಡಿನಲ್ಲಿ ದೇವರ ಮರಿ ಒಂದೂ ಇಲ್ಲದ ವರ್ಷಗಳಲ್ಲೂ ಅವನು ಕೇಳುವುದನ್ನು ಬಿಡಲಿಲ್ಲ, ನಾವು ಸೆರಗಿನ ಮರೆಯಲ್ಲಿ ನಗುತ್ತಿದ್ದೆವು. ಅವನು ಸತ್ತು ಕೆಲವು ವರ್ಷಗಳಾದವು. ಕೇಳುವುದೂ ಅವನ ಜೊತೆಗೇ ಹೋಯಿತು.

ಇನ್ನು ಇಕ್ಕಳದ ವಿಷಯ. ಲಿಂಗರಾಜ ತಿಂಗಳುಗಟ್ಟಲೆ ಮಂಚದ ಮೇಲೆ ಬಿದ್ದಿದ್ದ. ತಾಯಿ ತಂದು ಕೊಟ್ಟದ್ದನ್ನು ತಿನ್ನುವುದು, ಮೊಬೈಲ್ ನೋಡುವುದು. ಕೋಲು ಊರಿಕೊಂಡು ಓಡಾಡುವಂತಾದ ಮೇಲೆ ಹೊಸಪೇಟೆಗೆ ಹೋಗಿ ಪಶು ಔಷಧಿ ಅಂಗಡಿಯಿಂದ ಈ ಇಕ್ಕಳ ತಂದ. ನೋಡಲು ದೊಡ್ಡ ಪ್ಲಾಯರ್. ಹಿಡಿಕೆಯ ಹತ್ತಿರ ಗೊರಸು ಕತ್ತರಿಸುವ ಅಲಗು, ನಡುವೆ ಕಿವಿಗೆ ಕಚ್ಚು ಹಾಕುವ, ನಂಬರಿನ ಓಲೆ ಹೊಡೆಯುವ ಬಾಯಿ, ಮೂತಿಯಲ್ಲಿ ನಾಲ್ಕು ಸಣ್ಣ ಕಡ್ಡಿ. ಹಿಡಿಕೆ ಒತ್ತಿದರೆ ಕಡ್ಡಿಗಳು ಅಗಲವಾಗಿ ರಬ್ಬರ್ ಉಂಗುರವನ್ನು ಹಿಗ್ಗಿಸುತ್ತವೆ. ಅದನ್ನು ಟಗರು ಮರಿಯ ಬೀಜದ ಚೀಲಕ್ಕೆ ತೊಡಿಸಿ ಬಿಟ್ಟರೆ ರಕ್ತ ಓಡುವುದು ನಿಂತು, ಕೆಲವು ವಾರಗಳಲ್ಲಿ ಚೀಲ ಒಣಗಿ ತಾನೇ ಉದುರುತ್ತದೆ. ಬಡಿಯುವುದಿಲ್ಲ, ಕೊಯ್ಯುವುದಿಲ್ಲ. ಕುಂಟುವ ಮನುಷ್ಯ ಕೂತಲ್ಲೇ ಎಲ್ಲ ಕೆಲಸ ಮಾಡಬಹುದು.

ಇಕ್ಕಳದ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮೇಕೆಯ ಬೆಳೆದ ಗೊರಸನ್ನು ಅವನು ಅದರಿಂದಲೇ ಕತ್ತರಿಸಿಕೊಟ್ಟ. ಅಲ್ಲಿಯವರೆಗೆ ಸೊಟ್ಟಗೆ ಹೆಜ್ಜೆಯಿಡುತ್ತಿದ್ದದ್ದು ಮದುಮಗಳ ಹಾಗೆ ನಡೆಯತೊಡಗಿತು. ಓಣಿಯವರೆಲ್ಲ ಬಂದು ನೋಡಿ ಹೋದರು. ಎಷ್ಟೋ ದಿನಗಳ ಮೇಲೆ ಆ ಹುಡುಗನ ಮುಖದಲ್ಲಿ ಕಳೆ ಬಂತು. ತಾಯಿಯ ಕೂಳು ತಿಂದದ್ದಕ್ಕೆ ಒಂದಾದರೂ ಕೆಲಸ ಮಾಡಿಕೊಟ್ಟು ಡ್ಯೂಟಿಗೆ ಹೋಗಬೇಕು ಎನ್ನುವುದು ಅವನ ಆಸೆ.

ಮಾಡಬೇಕಾದ ಕೆಲಸವೂ ಇತ್ತು. ಹಂಪಕ್ಕ ಆಸ್ಪತ್ರೆಯಲ್ಲಿ ಕೂತಿದ್ದರಿಂದ ಆ ಸಲದ ಮರಿಗಳಲ್ಲಿ ಒಂದಕ್ಕೂ ನಮ್ಮ ಮನೆಯ ಗುರುತಾದ ಎಡಗಿವಿಯ ಕಚ್ಚು ಬಿದ್ದಿರಲಿಲ್ಲ. ಎಲ್ಲವುಗಳ ಕಿವಿಯೂ ಇಡಿಯಾಗಿತ್ತು. ದೇವರ ಮರಿ ಯಾವುದು, ಮನೆಯ ಮರಿ ಯಾವುದು ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ಅವನು ಡ್ಯೂಟಿಗೆ ಹೋಗುವ ಹಿಂದಿನ ದಿನ ಬೆಳಗ್ಗೆ ಹಂಪಕ್ಕ ಕರಿ ಮುಖದ ಮರಿಯನ್ನು ಮನೆಯ ಹಿಂದಿನ ಬೇವಿನ ಮರಕ್ಕೆ ಕಟ್ಟಿ, ಮುಂದೆ ಸೊಪ್ಪು ಹಾಕಿದಳು. ತಾನು ಬಂದ ಮೇಲೆ ಶುರು ಮಾಡೋಣ ಎಂದು ಮಗನಿಗೆ ಹೇಳಿ, ಹಿಂಡು ನಿಲ್ಲಿಸಿದ್ದ ಗದ್ದೆಯ ಕಡೆಗೆ ನನ್ನನ್ನೂ ಕರೆದುಕೊಂಡು ಹೋದಳು.

ತಾಯಿ ಬರುವುದರೊಳಗೆ ಮುಗಿಸಿ ಖುಷಿಪಡಿಸಬೇಕೆಂದು ಮಗ ಆಗಲೇ ಶುರು ಮಾಡಿದ್ದ.

ನಾವು ತಿರುಗಿ ಬಂದಾಗ ಅವನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಮುರಿದಿದ್ದ ಕಾಲನ್ನು ಮುಂದಕ್ಕೆ ಚಾಚಿಕೊಂಡಿದ್ದ. ಕಿವಿಗೆ ಅರಿಶಿನ ಹಚ್ಚಿಸಿಕೊಂಡ ಮರಿಗಳು ರೊಪ್ಪದ ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದವು. ಅವನ ತೊಡೆಯ ಮೇಲಿದ್ದದ್ದು ಕರಿ ಮುಖದ ಮರಿ. ಅದರ ಎಡಗಿವಿ ಇಕ್ಕಳದ ಬಾಯಿಯಲ್ಲಿತ್ತು. ಮನೆಯ ಹಿಂದೆ ಕಟ್ಟಿದ್ದನ್ನು ಮರೆತುಬಿಟ್ಟಿದ್ದೆಯಲ್ಲವ್ವ, ಅದನ್ನೂ ನಾನೇ ತಂದೆ ಎಂದು ನಗುತ್ತ ಹೇಳಿದ.

ಹಂಪಕ್ಕ ತಲೆಯ ಮೇಲಿನ ಬುಟ್ಟಿಯನ್ನು ಎಸೆದು ಓಡಿ, ಅವನ ಮಣಿಕಟ್ಟು ಹಿಡಿದಳು. ಕಿವಿ ಉಳಿಯಿತು. ಅವಳು ಉಸಿರು ಬಿಟ್ಟು, ಮರಿಯನ್ನು ಎಳೆದುಕೊಂಡು, ಅದರ ಹಿಂಗಾಲುಗಳ ನಡುವೆ ನೋಡಿದಳು. ಕಿರುಬೆರಳಿಗೂ ಹಿಡಿಸದಷ್ಟು ಸಣ್ಣ ಕೆಂಪು ಉಂಗುರ ಆಗಲೇ ಕೂತಾಗಿತ್ತು.

“ತೆಗಿ ಅದನ್ನ,” ಅಂದಳು.

“ಯಾಕವ್ವ? ಸರಿಯಾಗೇ ಕುಂತೈತಿ.”

“ತೆಗಿ.”

ಒಮ್ಮೆ ತೊಡಿಸಿದರೆ ತೆಗೆಯುವ ವಸ್ತುವಲ್ಲ ಅದು, ತೆಗೆಯಲು ಹೋದರೆ ಮರಿಗೇ ಗಾಯವಾಗುತ್ತದೆ ಎಂದು ಅವನು ಸಮಾಧಾನದಿಂದಲೇ ಹೇಳಿದ. ಹಿಂಡಿನಲ್ಲಿ ಒಂದು ಟಗರು ಇದ್ದಾಗ ಇನ್ನೊಂದನ್ನು ಹಾಗೇ ಬಿಟ್ಟರೆ ಎರಡೂ ಗುದ್ದಾಡಿ ಸಾಯುತ್ತವೆ ಎಂದು ನೀನೇ ಹೇಳುತ್ತಿದ್ದೆಯಲ್ಲ ಎಂದ. ಎಲ್ಲವೂ ನಿಜವೇ. ಉಂಗುರ ಬೇಗ ತೆಗೆದರೆ ಮರಿ ಟಗರಾಗಿಯೇ ಉಳಿದೀತು, ತಡವಾದರೆ ಇಲ್ಲ ಎನ್ನುವುದು ಮಾತ್ರ ಮೂವರಿಗೂ ಗೊತ್ತಿತ್ತು. ಹೇಳಿದರೆ ಹರಕೆ ಕೆಡುತ್ತದೆ, ಹೇಳದಿದ್ದರೆ ಟಗರು ಕೆಡುತ್ತದೆ. ಎರಡರಲ್ಲಿ ಯಾವುದು ಕೆಟ್ಟರೂ ಎದುರಿಗೆ ಕೂತ ಮಗನಿಗೇ ಕೇಡು ಎಂದು ನಂಬಿದ ತಾಯಿ ಏನು ಮಾಡಬೇಕು?

ಲಿಂಗರಾಜನ ಮುಖ ಕೆಂಪಾಯಿತು. “ಇಷ್ಟು ದಿನ ಬಿದ್ಕೊಂಡು ತಿಂದೆ. ಒಂದು ಕೆಲಸ ಮಾಡೀನಿ, ಅದೂ ನಿನಗ ಸರಿ ಬರವಲ್ದು. ಕಾರಣನಾರ ಹೇಳು.”

ಹಂಪಕ್ಕ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಮರಿ ಕಾಲು ಸೆಟೆದು ನಿಂತಿದೆ, ಹುಡುಗನ ಮನಸ್ಸು ನೋಯುತ್ತಿದೆ, ಇವಳು ಒಳಗೇ ಬೇಯುತ್ತಿದ್ದಾಳೆ. ಸುಳ್ಳೇಕೆ ಹೇಳಲಿ, ಬೀರಪ್ಪನ ಮೇಲೂ ಸಿಟ್ಟು ಬಂತು.

“ಚಿಗವ್ವ, ನೀನಾರ ಹೇಳು. ಈಕಿಗೆ ಏನಾಗೇತಿ?” ಎಂದು ಅವನು ನನ್ನ ಕಡೆ ತಿರುಗಿದ.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಂಪಕ್ಕ ನನ್ನನ್ನು ನೋಡಿದಳು. ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳು ನನ್ನ ಹತ್ತಿರ ಏನನ್ನೂ ಬೇಡಿದವಳಲ್ಲ. ಆವತ್ತು ಕಣ್ಣಲ್ಲೇ ಬೇಡಿದಳು. ನಾನು ಮಾತನ್ನು ನುಂಗಿಕೊಂಡೆ. ನುಂಗಿದರೂ ಬಾಯಿ ಸುಮ್ಮನಿರಬೇಕಲ್ಲ! ಏನಾದರೂ ಹೇಳಲೇಬೇಕು, ಆದರೆ ಅದನ್ನು ಹೇಳಬಾರದು. ಆಗ ಎಲ್ಲಿಂದಲೋ ಆ ಮುದುಕ ನೆನಪಾದ.

“ಪಕ್ಕೀರಪ್ಪಜ್ಜ ಇದ್ದಿದ್ರ,” ಅಂದೆ, “ಕೈ ಹಚ್ಚೂಕ್ಕಿಂತ ಮೊದ್ಲ ಒಂದು ಮಾತು ಕೇಳ್ತಿದ್ದ.”

ಲಿಂಗರಾಜ ಹುಬ್ಬು ಗಂಟಿಕ್ಕಿದ. ಆಮೇಲೆ ಅವನ ಕೈಯಲ್ಲಿನ ಇಕ್ಕಳ ಮೆಲ್ಲಗೆ ಕೆಳಗಿಳಿಯಿತು. ಮರಿಯ ಇಡೀ ಕಿವಿಗಳನ್ನು ನೋಡಿದ, ಕೊರಳಲ್ಲಿ ಇನ್ನೂ ಜೋತಾಡುತ್ತಿದ್ದ ಹಗ್ಗವನ್ನು ನೋಡಿದ. ತಾಯಿ ಅದೊಂದನ್ನೇ ಬೇರೆ ಏಕೆ ಕಟ್ಟಿದ್ದಳು ಎಂದು ಆಗ ಅವನಿಗೆ ಹೊಳೆದಿರಬೇಕು. ಮುದುಕನ ಹಾಗೆ ಕೂಗಲಿಲ್ಲ. ತಗ್ಗಿದ ದನಿಯಲ್ಲಿ, ತಾಯಿಯ ಮುಖ ನೋಡದೆ ಕೇಳಿದ.

“ಮನೀದೋ, ದೇವರದೋ?”

ಹಂಪಕ್ಕ ಸುಮ್ಮನೆ ನಿಂತಳು. ತುಟಿ ಅಲುಗಲಿಲ್ಲ. ಬೇವಿನ ಮರದ ಕಡೆ ಮುಖ ತಿರುಗಿಸಿದಳು, ಕಣ್ಣಿಂದ ನೀರು ಇಳಿಯುತ್ತಿತ್ತು.

ಅವನು ನನ್ನ ಸುಣ್ಣದ ಡಬ್ಬಿಯ ಚಮಚ ಇಸಿದುಕೊಂಡು, ಅದರ ತೆಳು ಹಿಡಿಕೆಯನ್ನು ಉಂಗುರದ ಅಡಿಗೆ ಸ್ವಲ್ಪ ಸ್ವಲ್ಪವೇ ತೂರಿಸಿದ. ನಾನು ಮರಿಯ ಹಿಂಗಾಲು ಹಿಡಿದೆ, ಹಂಪಕ್ಕ ತಲೆ ಹಿಡಿದಳು. ಗೊರಸು ಕತ್ತರಿಸುವ ಅಲಗಿನ ತುದಿಯಿಂದ, ಚಮಚದ ಮೇಲೆಯೇ, ರಬ್ಬರನ್ನು ಕತ್ತರಿಸಿದ. ಉಂಗುರ ಪಟ್ಟನೆ ಹಾರಿ ಹಿಕ್ಕೆಯ ಮೇಲೆ ಬಿತ್ತು. ಚರ್ಮಕ್ಕೆ ಗಾಯವಾಗಿರಲಿಲ್ಲ, ಸುತ್ತಲೂ ಗೆರೆಯೊಂದು ಮೂಡಿತ್ತು ಅಷ್ಟೆ.

ನಾನು ಬಿಸಿನೀರು ತಂದೆ. ಅವನು ಬಟ್ಟೆ ಅದ್ದಿ ಮರಿಗೆ ಕಾವು ಕೊಡುತ್ತ ಬಹಳ ಹೊತ್ತು ಕೂತ. ಹಂಪಕ್ಕ ಮರಿಯ ತಾಯಿಯನ್ನು ಹುಡುಕಿ ತರಲು ಹೋದಾಗ, ಇದು ಯಾವಾಗ ಹುಟ್ಟಿದ್ದು ಎಂದು ನನ್ನನ್ನು ಕೇಳಿದ. ನೀನು ಕಣ್ಣು ಬಿಟ್ಟ ವಾರ ಎಂದೆ. ಅದರಲ್ಲಿ ಗುಟ್ಟೇನಿದೆ, ಊರಿಗೆಲ್ಲ ಗೊತ್ತಿದ್ದ ವಿಷಯ. ಅವನು ತನ್ನ ತೊಡೆಯ ಮೇಲೆ ಕೈಯಿಟ್ಟುಕೊಂಡು ತಲೆ ಆಡಿಸಿದ. ಮರುದಿನ ಡ್ಯೂಟಿಗೆ ಹೋದ.

ಆಮೇಲಿನ ದಿನಗಳಲ್ಲಿ ಹಂಪಕ್ಕ ಬೆಳಗ್ಗೆ ಎದ್ದವಳೇ ಮೊದಲು ಆ ಮರಿಯ ಹಿಂಭಾಗ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಬಾವು ಇಳಿಯಿತು, ಗೆರೆ ಮಾಯವಾಯಿತು. ಆದರೂ ಒಳಗೆ ಏನಾಗಿದೆಯೋ ಎಂಬ ಅಂಜಿಕೆ ಅವಳಿಗೆ ಹೋಗಿರಲಿಲ್ಲ. ಕೊಂಬು ತಿರುಗುವ ವಯಸ್ಸಿಗೆ ಅದು ಹೆಣ್ಣು ಕುರಿಗಳ ಬೆನ್ನು ಹತ್ತತೊಡಗಿದಾಗ ಹಂಪಕ್ಕ ಅದಕ್ಕೆ ಬಾಯಿಗೆ ಬಂದ ಹಾಗೆ ಬೈದಳು, ಬೈಯುತ್ತಲೇ ನಕ್ಕಳು. ಲಿಂಗರಾಜ ರಜೆಯ ದಿನ ಬಂದಾಗಲೆಲ್ಲ ಊರವರು ಇಕ್ಕಳದ ಕೆಲಸಕ್ಕೆ ಅವನನ್ನು ಕರೆಯುತ್ತಾರೆ. ಪ್ರತಿ ಮರಿಗೂ ಅವನು ಮನೀದೋ ದೇವರದೋ ಎಂದು ಕೇಳುತ್ತಾನೆ. ಇವನೂ ಪಕ್ಕೀರಪ್ಪನಾದ ಎಂದು ಓಣಿಯವರು ನಗುತ್ತಾರೆ, ನಾನು ನಗುವುದಿಲ್ಲ.

ಮೊನ್ನೆ ಟಗರನ್ನು ಬೀರಪ್ಪನ ಗುಡಿಗೆ ಹೊಡೆದುಕೊಂಡು ಹೋದೆವು. ಹಗ್ಗ ಹಿಡಿದವನು ಲಿಂಗರಾಜ, ಸ್ವಲ್ಪ ಕುಂಟುತ್ತ. ಪೂಜಾರಿ ಭಂಡಾರ ಹಚ್ಚಿ, ಯಾರ ಹರಕೆ, ಯಾರ ಸಲುವಾಗಿ ಎಂದು ಕೇಳಿದ. ಈಗ ಹೇಳಬಹುದಾಗಿತ್ತು. ಆದರೆ ಅಷ್ಟು ದಿನ ಬಿಗಿಹಿಡಿದ ಮಾತು ಹಂಪಕ್ಕನ ಬಾಯಿಂದ ಹೊರಡಲಿಲ್ಲ. ನಾನಾದರೂ ಹೇಳೋಣ ಎಂದು ಬಾಯಿ ತೆರೆಯುವುದರೊಳಗೆ ಲಿಂಗರಾಜ ಹೇಳಿದ.

“ಅವ್ವ ಹೊತ್ತಾಳ್ರಿ. ನನ್ನ ಸಲುವಾಗಿ.”

ಹಂಪಕ್ಕ ಗಕ್ಕನೆ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದಳು. ಇಷ್ಟು ದಿನ ಬಾಯಿ ಕಟ್ಟಿದ್ದಕ್ಕೆ ನನಗೆ ಸಿಕ್ಕ ಬಹುಮಾನ ಅದು. ಇವಳೇ ಹೇಳಿದಳಾ ಎಂದು ಮಗನನ್ನು ಕೇಳಿದಳು.

“ಚಿಗವ್ವ ಏನೂ ಹೇಳಿಲ್ಲ,” ಅಂದ ಅವನು. “ಆವತ್ತು ನಾ ಕೇಳಿದೆ. ನೀ ಸುಮ್ಮನಿದ್ದಿ.”

ಹಂಪಕ್ಕ ಅವನ ಕೈಯಲ್ಲಿದ್ದ ಹಗ್ಗವನ್ನು ತಾನೂ ಹಿಡಿದುಕೊಂಡಳು. ಇಬ್ಬರೂ ಸೇರಿ ಟಗರನ್ನು ಗುಡಿಯ ಸುತ್ತ ನಡೆಸಿದರು, ನಾನು ಬುಟ್ಟಿ ಹೊತ್ತು ಹಿಂದೆ ನಡೆದೆ.